ಜಾನಕತ್ತೆ ಮುಗಿಸದ ಚಿತ್ರಗಳು

ಹೋದ ತಿಂಗಳು ಪಕ್ಕದ ಮನೆಯವರು ತಮ್ಮ ಹಳೆಯ ಬೀಟೆ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿಸುತ್ತಿದ್ದರು. ನಾನು ಈಚೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ವಾಸನೆ ಕಾಂಪೌಂಡು ದಾಟಿ ಬಂದದ್ದೇ ತಡ, ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಕೆಲಸದ ಹುಡುಗಿ ಬಂದು, "ಏನಮ್ಮಾ, ಹುಳ ಏನಾದ್ರೂ ಸಿಕ್ತಾ?" ಎಂದು ಕೇಳಿದಳು. ಹುಳ ಸಿಕ್ಕಿತ್ತು, ನಿಜ. ಆದರೆ ಅದು ಅವರೆಕಾಯಿಯದಲ್ಲ.

ಅಗಸೆ ಎಣ್ಣೆ ಎಂದರೆ ನನಗೆ ಜಾನಕತ್ತೆ. ನಮ್ಮ ತಂದೆಯ ಕಿರಿಯ ತಂಗಿ. ಬಣ್ಣ ಕಲೆಸಲು ಅವಳು ಬಳಸುತ್ತಿದ್ದ ಎಣ್ಣೆ ಅದು. ಅವಳ ಸೆರಗಿಗೆ, ಜಡೆಗೆ, ಅವಳು ಕಲಸಿಕೊಟ್ಟ ಮೊಸರನ್ನದ ತುತ್ತಿಗೂ ಅದರ ವಾಸನೆ ಇರುತ್ತಿತ್ತು. ಇತ್ತು ಎಂದು ಈಗ ಹೇಳುತ್ತಿದ್ದೇನೆ. ಮೊಸರನ್ನಕ್ಕೆ ನಿಜವಾಗಿ ಇತ್ತೇ, ಅಥವಾ ವರ್ಷಗಳು ಕಳೆದಂತೆ ನಾನೇ ಆ ತುತ್ತಿಗೂ ಒಂದಿಷ್ಟು ಎಣ್ಣೆ ಸವರಿದೆನೇ, ಗೊತ್ತಿಲ್ಲ. ನೆನಪಿನ ವಿಷಯದಲ್ಲಿ ನಾನು ನಂಬಿಕಸ್ಥಳಲ್ಲ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಅಭ್ಯಾಸವಿದೆ. ಅದರಿಂದ ನಾನು ಕಲಿತದ್ದು ಒಂದೇ, ನನಗೆ ಚೆನ್ನಾಗಿ ನೆನಪಿರುವುದು ಯಾವುದೂ ಅದರಲ್ಲಿ ಇರುವುದಿಲ್ಲ. ಈಗ ಹೇಳಹೊರಟಿರುವ ಬೇಸಿಗೆಯ ಪುಟಗಳನ್ನು ತೆಗೆದು ನೋಡಿದರೆ ಬರೀ ಸೆಖೆ, ಮಾವಿನಹಣ್ಣು, ಮತ್ತು ಮೈಸೂರಿನ ಗೆಳತಿಯೊಬ್ಬಳ ಮೇಲಿನ ಸಿಟ್ಟು. ಆ ಸಿಟ್ಟು ಯಾಕೆ ಬಂದಿತ್ತೆಂಬುದೇ ಈಗ ಮರೆತುಹೋಗಿದೆ.

ಐವತ್ತರ ದಶಕದ ಕೊನೆಯ ಮಾತು. ತಂದೆ ಅರಸೀಕೆರೆ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ದೊಡ್ಡಪ್ಪ ಬೇಲೂರಿನಲ್ಲೇ ಉಳಿದು ದೇವಸ್ಥಾನದ ಸೇವೆ ನೋಡಿಕೊಳ್ಳುತ್ತಿದ್ದರು. ದೇವರಿಗೆ ಹೂವಿನ ಹಾರ ಒದಗಿಸುವುದು ಆ ಮನೆಯ ಪಾಲಿಗೆ ಬಂದ ಕೆಲಸ. ಜಾತಕ ಕೂಡಿಬಾರದೆ ಮದುವೆಯಾಗದೆ ಉಳಿದ ಜಾನಕತ್ತೆ ಅಲ್ಲೇ ಇದ್ದಳು. ಬೆಳಕು ಹರಿಯುವ ಮೊದಲೇ ಎದ್ದು ಹೂವು ಬಿಡಿಸಿ ಕಟ್ಟುವುದು ಅವಳ ಕೆಲಸ. ಹೂವಿನ ರಾಶಿಯಿಂದ ಒಂದನ್ನು ಮಾತ್ರ ಎತ್ತಿ ಹಿತ್ತಾಳೆ ಲೋಟದಲ್ಲಿಟ್ಟು, ಊರಿನ ಡ್ರಾಯಿಂಗ್ ಮೇಷ್ಟರು ಹೇಳಿಕೊಟ್ಟ ಹಾಗೆ ಅದರ ಚಿತ್ರ ಬರೆಯಲು ಕೂರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೂವು ಬಾಡುತ್ತಿತ್ತು. ಅತ್ತೆ ಕುಂಚ ತೊಳೆದಿಟ್ಟು ಎದ್ದುಬಿಡುತ್ತಿದ್ದಳು.

"ನಾಳೆ ಇನ್ನೊಂದು ದಾಸವಾಳ ಇಟ್ಕೊಂಡು ಮುಗಿಸಬಾರದೇನೆ?" ಎಂದು ದೊಡ್ಡಮ್ಮ ಕೇಳಿದರೆ, "ಅದು ಬೇರೆ ಹೂವು ಅತ್ತಿಗೆ. ಇದರ ಮೈಗೆ ಅದರ ಕೈ ಅಂಟಿಸೋಕಾಗತ್ತಾ?" ಅನ್ನುತ್ತಿದ್ದಳು.

ಹೂವಿನದಾದರೆ ಹೋಗಲಿ, ಪ್ರಾಣಿಗಳದ್ದೂ ಅದೇ ಕಥೆ. ಬೆಕ್ಕು ಎದ್ದುಹೋದರೆ ಬಾಲವಿಲ್ಲದ ಬೆಕ್ಕು. ಕರುವನ್ನು ಯಾರೋ ಬಿಚ್ಚಿಕೊಂಡು ಹೋದರೆ ಎರಡು ಕಾಲಿನ ಕರು. ಮೂಗೂ ಒಂದು ಕಣ್ಣೂ ಮಾತ್ರ ಇದ್ದ ಒಂದು ನಾಯಿಯಂತೂ ಬಾಗಿಲ ಸಂದಿಯಿಂದ ಇಣುಕುವಂತೆ ಕಾಣುತ್ತಿತ್ತು. ಇದ್ದಷ್ಟು ಮಾತ್ರ ಎಷ್ಟು ಜೀವಂತವಾಗಿರುತ್ತಿತ್ತೆಂದರೆ, ಆ ಕರುವಿನ ಕಿವಿಯ ಅಂಚನ್ನು ನೋಡಿ ನಾನು ಒಮ್ಮೆ ಬೆರಳಿಟ್ಟು ಬಣ್ಣ ಕೆಡಿಸಿ ಬೈಸಿಕೊಂಡಿದ್ದೇನೆ.

ತಂದೆಗೆ ಇದೊಂದು ತಮಾಷೆ. "ಜಾನಕಿ, ಒಂದಾದರೂ ಪ್ರಾಣೀನ ನಾಲ್ಕು ಕಾಲ ಮೇಲೆ ನಿಲ್ಲಿಸೇ, ನೋಡಿ ಸಾಯ್ತೀನಿ. ಮಾಲೇಕಲ್ಲು ಬೆಟ್ಟಕ್ಕೆ ಹೋದರೂ ಅರ್ಧ ಮೆಟ್ಟಿಲಲ್ಲೇ ಕೂತು ಅಲ್ಲಿಂದಲೇ ಕೈಮುಗಿಯೋಳು ನೀನು."

"ಅಲ್ಲಿಂದ ಕಾಣಲ್ವೇನೋ ಅಣ್ಣ ದೇವರಿಗೆ?" ಅನ್ನುತ್ತಿದ್ದಳು ಅತ್ತೆ.

ಬೇಲೂರಿನ ಮನೆಯಲ್ಲಿ ಅವಳನ್ನು ಯಾರೂ ಕಡೆಗಣಿಸಿದವರಲ್ಲ. ಊಟ, ಬಟ್ಟೆ, ಪ್ರೀತಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ತುಂಬಿದ ಮನೆ. ಬೆಳಿಗ್ಗೆ ಸುತ್ತಿಟ್ಟ ಅವಳ ಹಾಸಿಗೆ ಬೇರೆಯವರ ಹಾಸಿಗೆಗಳ ಅಡಿಗೆ ಸೇರುತ್ತಿತ್ತು. ಚಿತ್ರಗಳು ಅಟ್ಟದ ಮೇಲೆ, ಉಪ್ಪಿನಕಾಯಿ ಜಾಡಿಗಳ ಹಿಂದೆ. ಒಮ್ಮೆ ನನ್ನ ತಲೆ ಬಾಚುತ್ತಾ ಹೇಳಿದ್ದಳು: "ನನಗೆ ಜಾಸ್ತಿ ಏನೂ ಬೇಡ ಕಣೇ. ಒಂದು ಕೋಣೆ. ಅದಕ್ಕೆ ಒಳಗಡೆಯಿಂದ ಒಂದು ಚಿಲಕ."

ಆ ಬೇಸಿಗೆಯಲ್ಲಿ ಕೋಣೆಯೂ ಚಿಲಕವೂ ಕೈಗೆಟುಕುವಷ್ಟು ಹತ್ತಿರ ಬಂದವು. ಅರಸೀಕೆರೆಯಲ್ಲಿ ಹೆಣ್ಣುಮಕ್ಕಳಿಗೆಂದು ಹೊಸ ಶಾಲೆ ತೆರೆಯುತ್ತಿದ್ದರು. ಅದರ ಕಮಿಟಿಗೆ ಅಧ್ಯಕ್ಷರು ಕೊಬ್ಬರಿ ಮಂಡಿಯ ಸಾಹುಕಾರ್ ಸಿದ್ಧಲಿಂಗಪ್ಪನವರು. ಕೊಬ್ಬರಿ ಮೂಟೆಗಳನ್ನು ವ್ಯಾಗನ್ನಿಗೆ ಹಾಕಿಸಲು ಬಂದಾಗಲೆಲ್ಲ ತಂದೆಯ ಮೇಜಿನ ಮುಂದೆ ಕೂತು ಹರಟುವವರು. ಒಂದು ದಿನ ಅವರೇ ಮಾತು ತೆಗೆದರಂತೆ.

"ಸ್ವಾಮಿ, ನಿಮ್ ತಂಗೇರು ಚಿತ್ರ ಬರೀತಾರಂತಲ್ಲ. ಸ್ಕೂಲಿಗೆ ಡ್ರಾಯಿಂಗ್ ಹೇಳಾಕೆ ಒಬ್ರು ಬೇಕು. ಆದ್ರೆ ಕಮಿಟಿ ಅಂದ್ರೆ ನಾನೊಬ್ನೆ ಅಲ್ಲ ನೋಡಿ. ಒಂದು ಚಿತ್ರ ಪೂರ್ತಿ ಬರ್ದು ತೋರಿಸ್ಬಿಡ್ಲಿ, ಯಾರೂ ಬಾಯಿ ಬಿಡಾಕಿಲ್ಲ. ನಮ್ಮವ್ವ ಎಷ್ಟೋ ದಿನದಿಂದ ನಮ್ಮ ಮಲ್ಲಂದು ಒಂದು ಪಟ ಮಾಡಿಸು ಅಂತ ಜೀವ ತಿಂತಾವ್ಳೆ. ಫೋಟೋದವನು ಹತ್ರ ಹೋದ್ರೆ ಕೊಂಬು ಬೀಸ್ತದೆ ಅದು."

ತಂದೆ ಮನೆಗೆ ಬಂದು ಇದನ್ನು ಹೇಳಿ, ಕೊನೆಗೆ ತಲೆಯ ಮೇಲೆ ಕೈಯಿಟ್ಟುಕೊಂಡರು. "ಎಲ್ಲಾ ಸರಿ. ಆ 'ಪೂರ್ತಿ' ಅನ್ನೋ ಮಾತು ಬೇಡವಾಗಿತ್ತು."

ಮಲ್ಲ ಅಮೃತಮಹಲ್ ತಳಿಯ ಎತ್ತು. ಬೂದಿ ಬಣ್ಣ, ಹಿಂದಕ್ಕೆ ಬಾಗಿ ಮೇಲೆದ್ದ ಕೊಂಬು, ಮೂಗಿನ ತುದಿಯಲ್ಲಿ ಸದಾ ಸಿಡುಕು. ಸಾಹುಕಾರರು ಲಾರಿ ಕೊಳ್ಳುವವರೆಗೆ ಅವರ ಗಾಡಿ ಎಳೆದದ್ದು. ಈಗ ಮುದಿಯಾಗಿ ಮನೆಯ ಹಿಂದಿನ ಕೊಟ್ಟಿಗೆಯಲ್ಲಿತ್ತು. ಸಾಹುಕಾರರ ತಾಯಿ ನಂಜಮ್ಮಜ್ಜಿಯ ಹೊರತು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ನೇರ ಕೊಟ್ಟಿಗೆಗೆ ಹೋಗಿ ಅದರ ಹಣೆಗೆ ವಿಭೂತಿ ಬಳಿದು, ಎರಡು ಕಣಗಿಲೆ ಹೂವು ಕೊಂಬಿಗೆ ಸಿಕ್ಕಿಸಿ, ಆಮೇಲೆಯೇ ಬಾಯಿಗೆ ನೀರು ಹಾಕುವುದು.

ಅತ್ತೆ ಬೇಲೂರಿನಿಂದ ಬಣ್ಣದ ಟ್ರಂಕಿನೊಂದಿಗೆ ಬಂದಿಳಿದಳು. ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ಅವಳ ಜೊತೆಗಾತಿ. ಕೊಟ್ಟಿಗೆಯ ಎದುರು, ರಾಗಿ ಹುಲ್ಲಿನ ಮೆದೆಯ ನೆರಳಲ್ಲಿ ನಮ್ಮ ಬಿಡಾರ. ಮೊದಲ ವಾರವಿಡೀ ಅತ್ತೆ ಬರೆದಳು. ಏನು ಬರೆದಳು ಎನ್ನುತ್ತೀರಿ? ಬೇಲೂರಿನ ಹುಡುಗಿ, ಹುಟ್ಟಿದಾಗಿನಿಂದ ಕಂಡ ಆನೆ, ಕುದುರೆ, ಹಂಸಗಳೆಲ್ಲ ಕಲ್ಲಿನವು. ಕಣ್ಣು ಎದುರಿನ ಎತ್ತನ್ನು ನೋಡುತ್ತಿತ್ತು, ಕೈ ಮಾತ್ರ ತನಗೆ ಗೊತ್ತಿದ್ದ ದಾರಿಯಲ್ಲೇ ನಡೆಯಿತು. ವಾರದ ಕೊನೆಗೆ ಚಿತ್ರದ ಬಟ್ಟೆಯ ಮೇಲೆ, ಕಾಲು ಮಡಿಸಿ ಕೂತ, ಕತ್ತಿಗೆ ಗಂಟೆಸರ ತೊಟ್ಟ, ಮಂದಸ್ಮಿತದ ನಂದಿಯೊಂದು ಮೂಡಿತ್ತು.

ಸಾಹುಕಾರರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವ್ವಾ, ಬಾ ಇಲ್ಲಿ! ಹಳೇಬೀಡಿನ ಬಸವಣ್ಣ ನಮ್ಮನೇಗೇ ಬಂದವ್ನೆ!"

ಅಜ್ಜಿ ನಗಲಿಲ್ಲ. "ಚೆಂದಾಗೈತೆ ಮಗಳೆ. ಆದ್ರೆ ನಮ್ಮ ಮಲ್ಲ ಹುಟ್ಟಿದಾಗಿಂದ ಒಂದಿನಾನೂ ಇಷ್ಟು ಶಾಂತವಾಗಿ ಕುಂತೋನಲ್ಲ."

ಅತ್ತೆ ಆ ಸಂಜೆ ಚಾಕುವಿನಿಂದ ಇಡೀ ನಂದಿಯನ್ನು ಕೆರೆದು ಹಾಕಿದಳು. ಮರುದಿನ ನನ್ನನ್ನು ಎಬ್ಬಿಸಿ, "ಹಳೇಬೀಡಿಗೆ ಹೋಗೋಣ ನಡಿ, ತಪ್ಪಿದ್ದು ಎಲ್ಲಿ ಅಂತ ನೋಡಬೇಕು" ಎಂದಳು. ಬಸ್ಸಿನಲ್ಲಿ ಬಾಣಾವರ, ಜಾವಗಲ್ಲಿನ ಧೂಳು ಕುಡಿದು ಹೋದೆವು. ಅತ್ತೆ ದೊಡ್ಡ ನಂದಿಯ ಮುಂದೆ ಕೂತು ಬಹಳ ಹೊತ್ತು ನೋಡಿದಳು. "ಇವನು ಎದ್ದು ನಿಲ್ಲೋನೇ ಅಲ್ಲ. ಆ ಮಲ್ಲ ಕೂರೋನೇ ಅಲ್ಲ. ಇವನನ್ನ ಇಲ್ಲೇ ಬಿಟ್ಟು ಹೋಗ್ತೀನಿ" ಎಂದು ಅದರ ಮೂತಿಗೆ ಕೈಮುಗಿದು ಎದ್ದಳು.

ಪ್ರದಕ್ಷಿಣೆ ಬರುವಾಗ ಗೋಡೆಯ ಒಂದು ಕಡೆ ಬರೀ ಗುರುತು ಹಾಕಿ ಬಿಟ್ಟ, ಇನ್ನೂ ಉಳಿ ಕಾಣದ ಕಲ್ಲನ್ನು ತೋರಿಸಿದಳು. ಆ ಗುಡಿಯ ಕೆಲಸವೇ ಮುಗಿಯಲಿಲ್ಲ ಎನ್ನುತ್ತಾರೆ. ಮೇಲೆ ಗೋಪುರವೂ ಇಲ್ಲ. "ನೋಡಿದ್ಯಾ? ರಾಜರು ಅರ್ಧ ಬಿಟ್ಟರೆ ದೇಶದೇಶದವರು ಬಂದು ಬಾಯಿಬಿಟ್ಕೊಂಡು ನೋಡ್ತಾರೆ. ನಾನು ಒಂದು ಬೆಕ್ಕಿನ ಬಾಲ ಬಿಟ್ಟರೆ ಅಣ್ಣನಿಗೆ ತಡೆಯಲ್ಲ." ನಾವಿಬ್ಬರೂ ಆ ಬಿಸಿ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅತ್ತೆ ಮೆಲ್ಲಗೆ, "ಆದರೆ ರಾಜರಿಗೆ ಕೆಲಸ ಬೇಕಾಗಿರಲಿಲ್ಲ" ಅಂದಳು.

ತಿರುಗಿ ಬಂದ ಮೇಲೆ ಶುರುವಾದದ್ದೇ ನಿಜವಾದ ಮಲ್ಲ. ನಿಂತ ಮಲ್ಲ. ಕೊಂಬಿನ ಸೀಳು, ನೊಗ ಕೂತು ಕೂದಲು ಉದುರಿದ ಹೆಗಲು, ನೊಣ ಕೂತಾಗ ಅದುರುವ ಚರ್ಮ, ಆ ಸಿಡುಕು ಕಣ್ಣು. ಮಂಡಿಯ ಆಳುಗಳು ಕಾಯಿ ಸುಲಿಯುವುದನ್ನು ಬಿಟ್ಟು ಬಂದು ಬೇಲಿಯಾಚೆ ನಿಲ್ಲುತ್ತಿದ್ದರು. "ಏನ್ಲಾ, ಉಸಿರಾಡ್ತಾ ಐತಲ್ಲ!" ಎಂದು ಒಬ್ಬ ಅಂದದ್ದು ನನ್ನ ಕಿವಿಯಲ್ಲೇ ಇದೆ. ಆದರೆ ಬಿಸಿಲು ಸರಿದಂತೆಲ್ಲ ಆ ಬೂದಿ ಮೈ ಒಮ್ಮೆ ನೀಲಿ, ಒಮ್ಮೆ ಕೆಂಪು. ಅತ್ತೆ ಬಳಿದದ್ದನ್ನು ಕೆರೆಯುತ್ತಿದ್ದಳು, ಮತ್ತೆ ಬಳಿಯುತ್ತಿದ್ದಳು. ಕಮಿಟಿಯವರು ಬೆಳಿಗ್ಗೆ ಕಾಫಿಗೆ ಬಂದು ಚಿತ್ರ ನೋಡಿ ತೀರ್ಮಾನ ಮಾಡುವ ದಿನ ಹತ್ತಿರವಾಯಿತು. ಅದರ ಹಿಂದಿನ ಸಂಜೆ ನಾನು ಬಟ್ಟೆಯ ಹತ್ತಿರ ಹೋಗಿ ನೋಡಿದೆ. ಹೊಟ್ಟೆಯವರೆಗೆ ಮಲ್ಲ ಇದ್ದ. ಅದರ ಕೆಳಗೆ ಬರೀ ಮಣ್ಣುಬಣ್ಣದ ಬಟ್ಟೆ. ಕಾಲುಗಳಿರಲಿಲ್ಲ.

"ಅತ್ತೇ, ನಾಲ್ಕು ಗೆರೆ ಎಳೆದುಬಿಡು. ಯಾರಿಗೆ ಗೊತ್ತಾಗತ್ತೆ?"

"ಮಲ್ಲನಿಗೆ ಗೊತ್ತಾಗತ್ತೆ" ಎಂದಳು. ಆಮೇಲೆ ಕುಂಚ ಒರೆಸುತ್ತಾ, "ನಾಳೆ ಬೆಳಿಗ್ಗೆ ಬೇಗ ಬಂದು ಸಾಹುಕಾರ್ರಿಗೆ ಹೇಳಿಬಿಡೋಣ, ಆಗಲಿಲ್ಲ ಅಂತ. ಮೊದಲನೇ ಬಸ್ಸಿಗೆ ಬೇಲೂರಿಗೆ ಹೋಗ್ತೀನಿ." ಬಣ್ಣ ಇನ್ನೂ ಹಸಿ. ಚಿತ್ರವನ್ನು ಅವರ ನಡುಮನೆಯಲ್ಲಿ ಒಂದು ಮಣೆಯ ಮೇಲೆ ಗೋಡೆಗೆ ಒರಗಿಸಿಟ್ಟು ಬಂದೆವು.

ಬೆಳಿಗ್ಗೆ ನಾವು ಹೋದಾಗ ನಡುಮನೆಯ ತುಂಬ ಸಾಂಬ್ರಾಣಿಯ ಹೊಗೆ. ಮಣೆಯ ಸುತ್ತ ರಂಗೋಲಿ. ಚಿತ್ರದ ಮಲ್ಲನ ಹಣೆಯ ಮೇಲೆ ಮೂರು ಬೆರಳಿನ ಅಗಲದ ವಿಭೂತಿ, ಹಸಿ ಬಣ್ಣದಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಮೇಲಿನಿಂದ ಕಣಗಿಲೆಯ ಹಾರ ಇಳಿಬಿದ್ದಿತ್ತು. ನಂಜಮ್ಮಜ್ಜಿ ಮುಂದೆ ಕೂತು ಘಂಟೆ ಕೆಳಗಿಡುತ್ತಿದ್ದರು.

ಅತ್ತೆ ಬಾಯಿಗೆ ಕೈ ಹಚ್ಚಿದಳು. ಮರುಗಳಿಗೆಯಲ್ಲೇ ಚೀಲದಿಂದ ಟರ್ಪೆಂಟೈನ್ ಬಟ್ಟೆ ತೆಗೆದು, ವಿಭೂತಿ ಒರೆಸಲು ಬಾಗಿದಳು. ಅಜ್ಜಿ ಅವಳ ಮುಂಗೈ ಹಿಡಿದರು.

"ಉಂಟಾ? ಪೂಜೆ ಆಗೋಯ್ತು ಕಣವ್ವ. ಇನ್ನು ಕುಂಚ ಇಕ್ಕಂಗಿಲ್ಲ, ಬಟ್ಟೆ ತಾಕ್ಸಂಗಿಲ್ಲ."

"ಅಜ್ಜಿ, ಇನ್ನೂ ಮುಗಿದಿಲ್ಲ ಇದು!"

"ಕತ್ತಲಲ್ಲಿ ನೋಡ್ದೆ, ಮಲ್ಲ ಒಳಕ್ಕೇ ಬಂದು ನಿಂತವ್ನೆ ಅನ್ನಿಸ್ತು. ಬಳಿದ್ಬಿಟ್ಟೆ. ಕಣ್ಣು ಕಾಣಾಕಿಲ್ಲ ನಂಗೆ, ಏನ್ ಮಾಡ್ಲಿ?"

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತೆಂಬುದು ನಿಜ. ಅದೇ ಮಧ್ಯಾಹ್ನ ಆಕೆ ಮೊರದ ಮುಂದೆ ಕೂತು ಅಕ್ಕಿಯಲ್ಲಿನ ಕಲ್ಲು ಹೆಕ್ಕುತ್ತಿದ್ದುದನ್ನು ನಾನು ಕಂಡದ್ದೂ ನಿಜ. ಎರಡನ್ನೂ ನಿಮ್ಮ ಮುಂದಿಡುತ್ತೇನೆ, ಅಷ್ಟೇ.

ಸಾಹುಕಾರರಿಗೆ ಹೇಳಿ ಹೊರಡುವ ಮೊದಲೇ ಕಮಿಟಿಯವರು ಬಂದುಬಿಟ್ಟರು. ಒಳಗೆ ಕಾಲಿಟ್ಟವರು ಹೊಗೆ, ಹಾರ, ವಿಭೂತಿ ಕಂಡು ಅಭ್ಯಾಸಬಲದಿಂದ ಕೈಮುಗಿದರು. ಅವರಲ್ಲೊಬ್ಬರು ನಿವೃತ್ತ ಹೆಡ್ ಮೇಷ್ಟರು; ಅವರ ಕಡೆಯಿಂದ ಇನ್ನೊಬ್ಬ ಅಭ್ಯರ್ಥಿ ಇದ್ದ. ಕೈಮುಗಿದಾದ ಮೇಲೆ ಅವರು ಕನ್ನಡಕ ಸರಿಮಾಡಿಕೊಂಡು ಹಾರದ ಕೆಳಗೆ ಬಗ್ಗಿ ನೋಡಿದರು.

"ಕಾಲೇ ಇಲ್ವಲ್ರೀ ಇದಕ್ಕೆ?"

"ರಾಗಿ ಹುಲ್ಲಲ್ಲಿ ನಿಂತವ್ನೆ ಕಣಪ್ಪ" ಎಂದರು ಅಜ್ಜಿ. "ಹುಲ್ಲಿನಾಗೆ ಕಾಲು ಕಾಣ್ತವಾ?"

ಎಲ್ಲರೂ ನಕ್ಕರು. ಕೆಲಸ ಆಯಿತು ಎಂದುಕೊಂಡೆ. ಅತ್ತೆ ಸುಮ್ಮನಿದ್ದಿದ್ದರೆ ಆಗಿಯೂ ಹೋಗುತ್ತಿತ್ತು. ಆದರೆ ಅವಳು ಸೆರಗು ಹೊದ್ದು ಮುಂದೆ ಬಂದಳು.

"ಹುಲ್ಲಲ್ಲ. ನಾನು ಬರೆದಿಲ್ಲ. ಮುಗಿಸೋದು ನನಗೆ ಬರಲ್ಲ. ಶುರು ಮಾಡೋದು ಬರತ್ತೆ. ಕೆಲಸ ಕೊಟ್ಟರೆ ಮಕ್ಕಳಿಗೆ ಅದನ್ನ ಹೇಳಿಕೊಡ್ತೀನಿ."

ಈ ಮಾತನ್ನು ನಾನು ಜೀವನವಿಡೀ ಜೋಪಾನ ಮಾಡಿಕೊಂಡು ಬಂದವಳು. ಎಷ್ಟೋ ಜನರಿಗೆ ಹೇಳಿದ್ದೇನೆ. ಅತ್ತೆ ಸಂಜೆ ಮನೆಯಲ್ಲಿ ವರದಿ ಒಪ್ಪಿಸಿದ್ದನ್ನು ಕೇಳಿದ ತಂದೆ ಮಾತ್ರ ಕೊನೆಯವರೆಗೂ, "ಅವಳು ಅಂದದ್ದು 'ಕಾಲು ಬರೆದಿಲ್ಲ' ಅಂತ ಅಷ್ಟೇ. ಮಿಕ್ಕಿದ್ದು ನಿನ್ನ ಬಿ.ಎ. ಕೈವಾಡ" ಎನ್ನುತ್ತಿದ್ದರು. ಇರಬಹುದು. ಆದರೆ ಮುಂದಿನ ಮಾತುಗಳ ಬಗ್ಗೆ ನನಗೆ ಅನುಮಾನವಿಲ್ಲ, ಅಂಥದ್ದನ್ನು ಕಟ್ಟುವ ಶಕ್ತಿ ನನಗಿಲ್ಲ.

ಹೆಡ್ ಮೇಷ್ಟರು, "ಮುಗಿಸೋಕೆ ಬರದೋರು ಮೇಷ್ಟ್ರಾಗೋದು ಹೇಗಮ್ಮ?" ಎಂದರು.

ಅಜ್ಜಿ ಅವರತ್ತ ತಿರುಗಿದರು. "ನೀನು ಎಷ್ಟು ಹುಡುಗರ್ನ ಮುಗಿಸಿದೀಯಪ್ಪ ಮೇಷ್ಟ್ರೆ? ಎಲ್ಲಾ ನಿನ್ ಸ್ಕೂಲು ಅರ್ಧಕ್ಕೆ ಬಿಟ್ಟು ನಮ್ ಮಂಡೀಲಿ ಕಾಯಿ ಸುಲೀತಾವೆ."

ಸಾಹುಕಾರರು ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅತ್ತೆಯನ್ನು ನೋಡಿ, "ಇಲ್ದಿದ್ದನ್ನ ಇಲ್ಲ ಅಂತ ಹೇಳೋರು ನಮ್ ಮಂಡೀಲೂ ಸಿಗಾಕಿಲ್ಲ. ಜೂನ್‌ಗೆ ಬಂದ್ಬಿಡಿ ಮಿಸ್ಸು" ಎಂದರು.

ಅಲ್ಲಿಂದಾಚೆ ಅತ್ತೆ ಬೇಲೂರಿನ ಮನೆಗೆ ನೆಂಟಳಾಗಿ ಮಾತ್ರ ಹೋದಳು. ಶಾಲೆಯ ಹಿಂದಿನ ಬೀದಿಯಲ್ಲಿ ಕೋಣೆ ಹಿಡಿದಳು. ಚಿಲಕವನ್ನು ತಂದೆಯೇ ನಿಂತು ಹಾಕಿಸಿಕೊಟ್ಟರು. ನಿವೃತ್ತಿಯಾದ ಮೇಲೂ ಅಲ್ಲೇ ಇದ್ದಳು. ಅವಳು ತೀರಿಕೊಂಡಾಗ ಕೋಣೆ ತೆರವು ಮಾಡಲು ಹೋದ ನನಗೆ ಸಿಕ್ಕಿದ್ದು ಗೋಡೆ ತುಂಬ ಅರ್ಧ ಸೇವಂತಿಗೆಗಳು, ಕೊಕ್ಕಿಲ್ಲದ ಗಿಣಿಗಳು. ಅಂದು ಅಳು ಬಂದಿತ್ತು. ಪಾಪ, ಕೊನೆಗೂ ಒಂದನ್ನೂ ಮುಗಿಸಲಿಲ್ಲವಲ್ಲ ಎಂದು.

ಅಗಸೆ ಎಣ್ಣೆಯ ನೆಪ ಮಾಡಿಕೊಂಡು ಕಳೆದ ವಾರ ಮೈಸೂರಿನಿಂದ ರೈಲು ಹತ್ತಿ ಅರಸೀಕೆರೆಗೆ ಹೋಗಿದ್ದೆ. ಸಾಹುಕಾರರಾಗಲಿ ಅಜ್ಜಿಯಾಗಲಿ ಈಗಿಲ್ಲ. ಸಾಹುಕಾರರ ಸೊಸೆ ಗಂಗಮ್ಮ ಬಾಗಿಲು ತೆರೆದರು. ಅದೇ ಊರಿನ ಹುಡುಗಿ, ಅದೇ ಶಾಲೆಯಲ್ಲಿ ಓದಿದವರು. ಯಾರೆಂದು ಹೇಳಿದ್ದೇ, "ಮಿಸ್ಸಿನ ಅಣ್ಣನ ಮಗಳಾ? ಬನ್ನಿ, ಬನ್ನಿ" ಎಂದು ಕೈಹಿಡಿದು ಒಳಗೆ ಕೂರಿಸಿದರು. ಮಲ್ಲ ನಡುಮನೆಯ ಗೋಡೆಯ ಮೇಲಿದ್ದ, ಹೊಗೆಗೆ ಕಪ್ಪಾಗಿ. ನಾನು ಉತ್ಸಾಹದಿಂದ ಆ ಬೆಳಗಿನ ಕಥೆ ಹೇಳಿದೆ, ಅತ್ತೆಯ ಆ ಮಾತಿನ ಸಮೇತ: ಮುಗಿಸೋದು ಬರಲ್ಲ, ಶುರು ಮಾಡೋದನ್ನ ಹೇಳಿಕೊಡ್ತೀನಿ.

ಗಂಗಮ್ಮ ಕಣ್ಣರಳಿಸಿ ಕೇಳಿ, ಬಿದ್ದು ಬಿದ್ದು ನಕ್ಕರು.

"ಅಯ್ಯೋ, ನಮ್ಮ ಮಿಸ್ಸಾ? ಚಿತ್ರ ಮುಗಿಸದೆ ಒಬ್ಬರನ್ನೂ ಮನೆಗೆ ಬಿಡ್ತಿರಲಿಲ್ಲ ಕಣ್ರೀ! ಬೆಲ್ಲು ಹೊಡೀಲಿ, ಮಳೆ ಬರಲಿ. ಎಲೆಯ ನರ ಬಿಟ್ಟಿದ್ರೆ ಬೆಂಚಿನ ಮೇಲೆ ನಿಲ್ಲಿಸೋರು. 'ನಾಳೆ ಬರೀತೀನಿ ಮಿಸ್' ಅಂದ್ರೆ, 'ನಾಳೆ ಅನ್ನೋದನ್ನ ನಾನು ನೋಡಿದೀನಿ, ಕೂತ್ಕೋ' ಅನ್ನೋರು."

ನಾನು ಪೆಚ್ಚಾದೆ. ಇಷ್ಟು ವರ್ಷ ನಾನು ಹೊತ್ತು ತಿರುಗಿದ ಅತ್ತೆ ಗಂಗಮ್ಮನವರ ನಗುವಿನಲ್ಲಿ ಎಲ್ಲಿ ಹೋದಳೋ ಎಂದು ಹುಡುಕುತ್ತಾ, "ತುಂಬಾ ಬೈತಿದ್ದಳಾ?" ಎಂದು ಕೇಳಿದೆ.

"ಬೈಯೋರು. ಆಮೇಲೆ ಪಕ್ಕದಲ್ಲೇ ಬಂದು ಕೂರೋರು. ನಾವು ಮುಗಿಸೋ ತನಕ ಏಳ್ತಿರಲಿಲ್ಲ. ಮಾತಿಲ್ಲ, ಕತೆಯಿಲ್ಲ. ಬರೀ ನಮ್ಮ ಕೈ ನೋಡೋರು, ಹಸಿದೋರು ಊಟದೆಲೆ ನೋಡ್ತಾರಲ್ಲ, ಹಾಗೆ. ಕೊನೇ ಗೆರೆ ಎಳೆದಾಗ ಒಂದು ಉಸಿರು ಬಿಡೋರು ನೋಡಿ, ನಮಗೇ ಹೊಟ್ಟೆ ತುಂಬಿದಂಗಾಗೋದು."

ಹಾಗೆಂದು ಒಳಗೆ ಹೋದವರು, ಕಟ್ಟು ಹಾಕಿಸಿದ ಒಂದು ಸಣ್ಣ ಚಿತ್ರ ತಂದು ನನ್ನ ಮಡಿಲಲ್ಲಿಟ್ಟರು. ಒಂಬತ್ತನೇ ಕ್ಲಾಸಿನಲ್ಲಿ ಬರೆದದ್ದಂತೆ. ತಂಗಡಿ ಹೂವು. ಕೈ ನುರಿತದ್ದಲ್ಲ, ಹಳದಿ ಸ್ವಲ್ಪ ಹೆಚ್ಚಾಗಿತ್ತು. ಆದರೆ ಎಸಳು, ಮೊಗ್ಗು, ಕಾಯಿ, ಕಡ್ಡಿ, ಪ್ರತಿ ಎಲೆಯ ಪ್ರತಿ ನರ, ಕಡ್ಡಿ ಮುರಿದ ಜಾಗದ ಹಸಿ ನಾರೂ ಅಲ್ಲಿತ್ತು. ಅರಸೀಕೆರೆಯಲ್ಲಿ, ಅತ್ತೆಯ ಹುಡುಗಿಯರು ಮದುವೆಯಾಗಿ ಹೋದ ಎಷ್ಟೆಷ್ಟೋ ಊರುಗಳಲ್ಲಿ, ಇಂಥ ಎಷ್ಟು ಗೋಡೆಗಳಿವೆಯೋ.

"ಹೇಗಿದೆ?" ಎಂದು ಗಂಗಮ್ಮ ಶಾಲೆಯ ಹುಡುಗಿಯ ಹಾಗೆ ಅಳುಕುತ್ತಾ ಕೇಳಿದರು.

"ಪೂರ್ತಿ ಇದೆ" ಎಂದೆ.